ಷರಾ

ಆರು ದಿನ ನಾನು ಮೀಟರು ಓದುವವನು.
ಕೋಲಾರದ ಕಠಾರಿಪಾಳ್ಯ, ಕುರುಬರಪೇಟೆ, ಗೌರಿಪೇಟೆ,
ಜಗಲಿ ಹತ್ತಿ, ನಾಯಿಯನ್ನು ಹೆಸರು ಹಿಡಿದು ಗದರಿಸಿ,
ಗಾಜಿನ ಹಿಂದಿನ ಅಂಕಿ ಬರೆದುಕೊಂಡು ಇಳಿಯುವವನು.
ಏಳನೆಯ ದಿನ, ಜನವರಿಯ ಈ ಮಂಜಿನಲ್ಲಿ,
ಇಲಾಖೆಯ ಫಾರಂ, ದಾರ ಕಟ್ಟಿದ ಪೆನ್ನು ಹಿಡಿದು
ತೊರಗನದೊಡ್ಡಿ ಕೆರೆಯ ಏರಿ ಮೇಲೆ
ಹಕ್ಕಿ ಎಣಿಸಲು ಬಂದಿದ್ದೇನೆ.

ಕಾವಲಿಗೆ ಪಿಳ್ಳಪ್ಪ. ಮೇಲೆ ಖಾಕಿ, ಕೆಳಗೆ ಪಂಚೆ.
'ಮೀಸಲು ಪ್ರದೇಶ, ಸದ್ದು ಮಾಡಬಾರದು'
ಎಂಬ ಫಲಕದ ಬುಡದಲ್ಲೇ ನಿಂತು
ಗಂಟಲು ಬಿಚ್ಚಿ ಕೂಗುತ್ತಾನೆ: "ಅದಿಗೋ ಸಾರ್, ಅದಿಗೋ!"
ಒಂದು ಹಕ್ಕಿಯೂ ಅವನಿಗೆ ಹೆದರಿ ಏಳುವುದಿಲ್ಲ.
ನಾನು ಹಾಳೆ ಮಗುಚಿದ ಸದ್ದಿಗೆ ಟಿಟ್ಟಿಭವೊಂದು
ಊರಿಗೆಲ್ಲ ಸಾರಿಕೊಂಡು ಹಾರಿತು.

ನಾಮದ ಕೋಳಿ ನೂರಾ ನಲವತ್ತು,
ಹಣೆಗೆ ಬಿಳಿ ಎಳೆದುಕೊಂಡು ಸಾಲಾಗಿ,
ಪಂಕ್ತಿಗೆ ಎಲೆ ಹಾಕಲೆಂದು ಕಾದ ಹಾಗೆ.
ಗುಳುಮುಳುಕ ಹನ್ನೊಂದು; ಅಲ್ಲ, ಒಂಬತ್ತು; ಅಲ್ಲ,
ವೋಲ್ಟೇಜಿಲ್ಲದ ಬೀದಿಯ ಬಲ್ಬು ಇದು,
ಇದೆ ಅನ್ನುವಷ್ಟರಲ್ಲಿ ಇಲ್ಲ.
ಹೆಜ್ಜಾರ್ಲೆ ಏಳು. ಖಾಲಿ ಚೀಲ ಹೊತ್ತು
ಸಂತೆಗೆ ಹೊರಟವರ ಗಾಂಭೀರ್ಯ.
ಚಮಚದ ಕೊಕ್ಕು ನಾಲ್ಕು, ಕೆಸರನ್ನು
ಆಚೆಗೊಮ್ಮೆ ಈಚೆಗೊಮ್ಮೆ ಕಲಕುತ್ತ,
ಸಕ್ಕರೆ ಕರಗಿತೇ ಎಂದು ನೋಡುತ್ತ.

ನೀರು ಎಲ್ಲಿಯದೆಂದು ಕೇಳಬಾರದಿತ್ತು, ಕೇಳಿದೆ.
ಪಿಳ್ಳಪ್ಪ ಪೈಪಿನ ಬಾಯಿ ತೋರಿಸಿದ.
"ಬೆಂಗಳೂರೋರು ಮುಖ ತೊಳೆದಿದ್ದು ಸಾರ್."
ಸ್ವಲ್ಪ ತಡೆದು: "ಮುಖ ಒಂದೇ ಅಲ್ಲ."
ಶುದ್ಧ ಮಾಡಿ ಕಳಿಸುತ್ತಾರಂತೆ. ಎಷ್ಟು ಶುದ್ಧ
ಎಂದು ಬರೆಯಲು ಫಾರಂನಲ್ಲಿ ಜಾಗವಿಲ್ಲ.
ಮೂಗಿಗೆ ಸೋಪಿನ ಒಂದೆಳೆ ಬಂತು, ಹೋಯಿತು.
ಆ ನೊರೆಯಂಚಿನಲ್ಲೇ ಮೆಟ್ಟುಗಾಲ ಹಕ್ಕಿ
ಕೆಂಪು ಕಡ್ಡಿಕಾಲು ಎತ್ತಿ ಎತ್ತಿ ಇಡುತ್ತಿತ್ತು,
ಆಗಷ್ಟೇ ಸಾರಿಸಿದ ಅಂಗಳ ದಾಟುವವರಂತೆ.

ನಡುನೀರಲ್ಲಿ ಸತ್ತ ಜಾಲಿ, ತುದಿಯಷ್ಟೇ ಹೊರಗೆ.
"ಆ ಜಾಲಿ ಹತ್ರ ಸಾರ್, ನಮ್ಮ ಪಿಚ್ಚು."
ಹದಿನೆಂಟು ವರ್ಷ ಕೆರೆಯಂಗಳದಲ್ಲಿ ಹನಿ ನೀರಿಲ್ಲ,
ಹದಿನೆಂಟು ವರ್ಷ ಕ್ರಿಕೆಟ್ಟು. ಇವನು ವಿಕೆಟ್ ಕೀಪರ್.
ಈಗಲೂ ಹಾಗೇ ಕುಕ್ಕರುಗಾಲಲ್ಲಿ ಕೂರುತ್ತಾನೆ
ಎರಡೂ ಅಂಗೈ ಬೊಗಸೆ ಮಾಡಿ, ನೀರಿನ ಕಡೆ.
"ನರಸಾಪುರದೋರ ಮೇಲೆ ಫೈನಲ್ಲು. ಒಂದು ಕ್ಯಾಚು ಬಿಟ್ಟೆ."
ಜಾಲಿಯ ತುದಿಯಲ್ಲಿ ಹಾವಕ್ಕಿ
ಒದ್ದೆ ರೆಕ್ಕೆ ಎರಡೂ ಕಡೆ ಚಾಚಿ
ವೈಡ್ ಕೊಡುತ್ತಲೇ ಇತ್ತು.

ಆಗ ಬಂತು ಸೆಳೆವ. ಅಂತರಗಂಗೆ ಬೆಟ್ಟದ ಕಡೆಯಿಂದ,
ಜೊಂಡಿನ ಮೇಲೆ ತಗ್ಗಿ, ಕೆಲಸವಿಲ್ಲದವರ ಹಾಗೆ.
ಇಡೀ ಕೆರೆ ಎದ್ದಿತು.
ನೂರಾ ನಲವತ್ತೂ ನೀರು ತುಳಿದು ಓಡಿತು,
ನನ್ನ ಮೊತ್ತಗಳೆಲ್ಲ ಒಂದರೊಳಗೊಂದು ಬೆರೆತು
ತಲೆಯ ಮೇಲೆ ಸುತ್ತು ಹೊಡೆದವು.
ನಾನು ಬಲ್ಲ ಅಂಕಿ ಏರುತ್ತ ಹೋಗುವ ಅಂಕಿ;
ಹೋದ ತಿಂಗಳಿಗಿಂತ ಇಳಿದರೆ ಮೀಟರು ಕೆಟ್ಟಿತೆಂದು ಅರ್ಥ.
ಇಲ್ಲಿ ಕೆಟ್ಟದ್ದು ಯಾವುದು? ಬರೆದದ್ದಕ್ಕೆಲ್ಲ ಗೀಟು ಹಾಕಿದೆ.
ಪಿಳ್ಳಪ್ಪ ಅಲುಗಲೂ ಇಲ್ಲ. "ಕೂತ್ಕಳಿ ಸಾರ್,
ಅವೂ ಕೂತ್ಕಂತಾವೆ."

ಕೂತೆ. ಕೂತವು.
ಕಾಲ ಬಳಿಯ ಮಣ್ಣಹೆಂಟೆಯೊಂದು ಎದ್ದು
ಬೆಳ್ಳಗೆ ಬಿಚ್ಚಿಕೊಂಡು ಹಾರಿತು: ಕೊಳಬಕ.
ಅರ್ಧ ಗಂಟೆಯಿಂದ ಅದೂ ಎಣಿಸಿರಬೇಕು.
ಮನುಷ್ಯರು, ಎರಡು.

ಮತ್ತೆ ಎಣಿಸಿದೆ. ನೂರಾ ಇಪ್ಪತ್ತಾರು. ಬರೆದೆ.

ಉಳಿದದ್ದು ಜೊಂಡಿನೊಳಗಿನ ಒಂದು ಸದ್ದು.
ಎಣ್ಣೆ ಕಾಣದ ಬಾಗಿಲ ಕೀಲು ತಿರುಗಿದಂತೆ,
ಆಮೇಲೊಂದು ಸಣ್ಣ ಕೆಮ್ಮು.
ಜಂಬುಕೋಳಿಯೋ, ಇನ್ನಾವುದೋ. ಪಿಳ್ಳಪ್ಪನೂ ಕೈ ತಿರುವಿದ.
ಬಿಸಿಲೇರುವ ತನಕ ಕಾದೆವು, ಹೊರಗೆ ಬರಲಿಲ್ಲ.
ಷರಾ ಕಾಲಂನಲ್ಲಿ, ಇಪ್ಪತ್ತು ವರ್ಷದ ಕೈ ತನ್ನ ಪಾಡಿಗೆ ಬರೆಯಿತು:
ಬಾಗಿಲು ಬೀಗ.
ಒಳಗೆ ಜನ ಇದ್ದಾರೆ.